ಹೆಲ್ಮೆಟ್ ಒಳ್ಳೆಯದು, ಹೆಲ್ಮೆಟ್ ಕಾನೂನು?

"ಮಾಷ್ಟ್ರೇ, ಬೈಕಿಗೆ ಹೆಲ್ಮೆಟ್ ಹಾಕದಿದ್ರೆ ಫೈನ್ ಉಂಟು. ಸೈಕಲಿಗೆ ಯಾಕಿಲ್ಲ?" ಎಂದು ಏಳನೇ ತರಗತಿಯ ಹುಡುಗನೊಬ್ಬ ಕೇಳಿದ. ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯ ಹೆಲ್ಮೆಟ್ ನಿಯಮ ಮೋಟಾರು ಗಾಡಿಗೆ ಮಾತ್ರ, ಕಾಲಲ್ಲಿ ತುಳಿಯುವ ಸೈಕಲಿಗೆ ಅದು ಅನ್ವಯಿಸುವುದಿಲ್ಲ. ಆದರೆ ಆಸ್ಟ್ರೇಲಿಯಾದಲ್ಲಿ ಸೈಕಲಿಗೂ ಫೈನ್ ಉಂಟು. 1990ರ ಜುಲೈ 1ರಂದು ಅಲ್ಲಿನ ವಿಕ್ಟೋರಿಯಾ ರಾಜ್ಯ ಇಂಥ ಕಾನೂನು ತಂದಿತು. ಎರಡೇ ವರ್ಷದಲ್ಲಿ ಉಳಿದ ರಾಜ್ಯಗಳೂ ಅದೇ ದಾರಿ ಹಿಡಿದವು. ಇದನ್ನು ಸಡಿಲಿಸಿ ಎಂದು ಅಲ್ಲಿ ಹೋರಾಡುತ್ತಾ ಬಂದವರು ಯಾರು ಗೊತ್ತಾ? ಸೈಕಲ್ ಸವಾರರೇ!

ಹಾಗಾದರೆ ಹೆಲ್ಮೆಟ್ ಪ್ರಯೋಜನವಿಲ್ಲವೇ? ಉಂಟು. ಅದರೊಳಗಿರುವುದು ಟಿ.ವಿ. ಪೆಟ್ಟಿಗೆಯಲ್ಲಿ ಬರುವ ಥರ್ಮಾಕೋಲಿನ ಜಾತಿಯದೇ ವಸ್ತು. ತಲೆ 1.5 ಮೀಟರ್ ಎತ್ತರದಿಂದ ನೆಲಕ್ಕೆ ಬಿತ್ತು ಎನ್ನೋಣ. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿ.ಮೀ. ಬಿದ್ದ ಎತ್ತರವನ್ನು, ನಿಲ್ಲಲು ಸಿಕ್ಕಿದ ದೂರದಿಂದ ಭಾಗಿಸಿ. ತಲೆಯ ಮೇಲೆ ಬೀಳುವ ಸರಾಸರಿ ಬಲ ಅದರ ತೂಕದ ಎಷ್ಟು ಪಟ್ಟು ಎಂಬ ಅಂದಾಜು ಸಿಗುತ್ತದೆ. ಬರಿತಲೆಗೆ 3 ಮಿ.ಮೀ. ಸಿಕ್ಕಿತು ಅಂದುಕೊಂಡರೆ 1500÷3, ಅಂದರೆ 500 ಪಟ್ಟು. ಥರ್ಮಾಕೋಲ್ 2 ಸೆಂ.ಮೀ. ಜಜ್ಜಿಹೋದರೆ 150÷2, ಬರೀ 75 ಪಟ್ಟು. (ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟನ್ನು ಎಸೆಯಬೇಕು.) ಆದರೆ 60 ಕಿ.ಮೀ. ವೇಗದ ಡಿಕ್ಕಿಯಲ್ಲಿ ಶಕ್ತಿ 20ರದ್ದಕ್ಕಿಂತ 9 ಪಟ್ಟು. ಅಷ್ಟನ್ನೆಲ್ಲ ತಡೆಯಲು ಅದಕ್ಕಾಗದು.

ಗಾಯಗೊಂಡ 64,000ಕ್ಕೂ ಹೆಚ್ಚು ಸವಾರರ ಮಾಹಿತಿಯಿದ್ದ 40 ಅಧ್ಯಯನಗಳನ್ನು ಸಿಡ್ನಿಯ ಸಂಶೋಧಕರು 2016ರಲ್ಲಿ ಒಟ್ಟುಗೂಡಿಸಿ ನೋಡಿದರು. ಹೆಲ್ಮೆಟ್ ಹಾಕಿದ್ದವರಲ್ಲಿ ತಲೆಗೆ ಗಂಭೀರ ಗಾಯವಾಗುವ ಸಾಧ್ಯತೆ ಶೇ. 69ರಷ್ಟು ಕಡಿಮೆಯಿತ್ತು. ಇಲ್ಲಿವರೆಗೆ ಹೋರಾಟಗಾರರಲ್ಲೂ ಹೆಚ್ಚಿನವರಿಗೆ ದೊಡ್ಡ ತಕರಾರಿಲ್ಲ. ಅವರ ಪ್ರಶ್ನೆ ಬೇರೆ: ಕಾನೂನು ಬಂದ ಮೇಲೆ ಸೈಕಲ್ ತುಳಿಯುವವರು ಎಷ್ಟು ಮಂದಿ ಉಳಿದರು?

ಇಲ್ಲೊಂದು ಭಿನ್ನರಾಶಿಯ ಆಟ ಉಂಟು. ನಮ್ಮ ಶಾಲೆಗೆ 100 ಮಕ್ಕಳು ಸೈಕಲಲ್ಲಿ ಬರ್ತಾರೆ, 30 ಮಂದಿ ಹೆಲ್ಮೆಟ್ ಹಾಕ್ತಾರೆ ಎಂದಿಟ್ಟುಕೊಳ್ಳಿ. ಶೇ. 30 ಆಯಿತು. ಕಾನೂನು ಬಂತು. ಹಾಕದವರಲ್ಲಿ 60 ಮಂದಿ ಸೈಕಲನ್ನೇ ಬಿಟ್ಟರು. ಉಳಿದ 40ರಲ್ಲಿ 30 ಅಂದರೆ ಶೇ. 75! ಹೊಸದಾಗಿ ಒಬ್ಬನೂ ಹೆಲ್ಮೆಟ್ ಕೊಳ್ಳಲಿಲ್ಲ. ಅಂಶ ಅಲ್ಲೇ ಇದೆ, ಛೇದ ಕುಗ್ಗಿತು.

ಇದು ಊಹೆಯ ಲೆಕ್ಕ. ನಿಜದ್ದು ನೋಡಿ. ವಿಕ್ಟೋರಿಯಾದಲ್ಲಿ ಮೊದಲ ವರ್ಷ ಹೆಲ್ಮೆಟ್ ಬಳಕೆ ಶೇ. 31ರಿಂದ 75ಕ್ಕೆ ಏರಿತು. ಡೊರೊತಿ ರಾಬಿನ್ಸನ್ ಎಂಬ ಸಂಶೋಧಕಿ 1996ರಲ್ಲಿ ಹಳೆಯ ಎಣಿಕೆಗಳನ್ನು ಮತ್ತೆ ಬಿಡಿಸಿ ನೋಡಿದರು. ಮೆಲ್ಬೋರ್ನ್‌ನಲ್ಲಿ ಹೆಲ್ಮೆಟ್ ಹಾಕಿದ ಮಕ್ಕಳು ಎಷ್ಟು ಹೆಚ್ಚಿದ್ದರೋ, ಅದರ 15 ಪಟ್ಟು ಮಕ್ಕಳು ಸೈಕಲ್ ಮೇಲೆ ಕಾಣದಾಗಿದ್ದರು. ವಾಹನಗಳ ಡಿಕ್ಕಿಯಲ್ಲಿ ಗಾಯಗೊಂಡ ಸವಾರರಲ್ಲಿ ತಲೆಗೆ ಪೆಟ್ಟಾದವರ ಪ್ರಮಾಣ ಇಳಿದಿತ್ತು, ನಿಜ. ಆದರೆ ಪಾದಚಾರಿಗಳಲ್ಲೂ ಅದು ಹೆಚ್ಚುಕಡಿಮೆ ಹಾಗೇ ಇಳಿದಿತ್ತು! ನಡೆದು ಹೋಗುವವರು ಹೆಲ್ಮೆಟ್ ಹಾಕ್ತಾರಾ? ಅದೇ ಹೊತ್ತಿಗೆ ಅತಿವೇಗ, ಕುಡಿದು ಗಾಡಿ ಓಡಿಸುವುದರ ಮೇಲೂ ಬಿಗಿ ಕ್ರಮ ನಡೆದಿತ್ತು. ಯಾವುದರ ಫಲ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಹಾಗೆಯೇ ಮಕ್ಕಳು ಕಡಿಮೆಯಾದದ್ದು ಕಾನೂನಿನಿಂದಲೇ ಎಂದು ಒಪ್ಪದ ಸಂಶೋಧಕರೂ ಇದ್ದಾರೆ. ಜಗಳ ಮುಗಿದಿಲ್ಲ.

ನನ್ನನ್ನು ಕೇಳಿದರೆ, ಹೆದ್ದಾರಿಗೆ ಸೈಕಲ್ ಇಳಿಸುವಾಗ ನಾನು ಹೆಲ್ಮೆಟ್ ಹಾಕ್ತೇನೆ, ನೀವೂ ಹಾಕಿ. ಆದರೆ ಫೈನಿಗೆ ಹೆದರಿ ಹುಡುಗಿಯೊಬ್ಬಳು ಸೈಕಲನ್ನು ಮೂಲೆಗೆ ಒರಗಿಸಿದರೆ, ಅವಳು ಕಳೆದುಕೊಂಡ ವ್ಯಾಯಾಮವೂ ಲೆಕ್ಕಕ್ಕೆ ಬರಬೇಕು. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಅದು ಕಾಣುವುದಿಲ್ಲ.

ಮೆಕ್ಸಿಕೋ ನಗರ 2010ರಲ್ಲಿ ಇಂಥ ನಿಯಮವನ್ನು ಕೈಬಿಟ್ಟಿತು. ಆಸ್ಟ್ರೇಲಿಯಾದಲ್ಲೇ ಉತ್ತರ ಪ್ರಾಂತ್ಯದಲ್ಲಿ ದೊಡ್ಡವರು ಸೈಕಲ್ ಹಾದಿಯಲ್ಲಿ ಹೆಲ್ಮೆಟ್ ಇಲ್ಲದೆ ಹೋಗಬಹುದು. 2013ರಲ್ಲಿ ಕ್ವೀನ್ಸ್‌ಲ್ಯಾಂಡ್ ಸಂಸತ್ತಿನ ಸಮಿತಿಯೊಂದು, 16 ದಾಟಿದವರಿಗೆ 60 ಕಿ.ಮೀ. ವೇಗಮಿತಿಯೊಳಗಿನ ರಸ್ತೆಗಳಲ್ಲಿ ಎರಡು ವರ್ಷ ವಿನಾಯಿತಿ ಕೊಟ್ಟು ಏನಾಗುತ್ತದೆಂದು ನೋಡಿ ಎಂದಿತು. ಸರಕಾರ ಒಪ್ಪಲಿಲ್ಲ. ಎರಡೂ ಪಕ್ಷಕ್ಕೆ ಬೇಕಾಗಿದ್ದ ಆ ಎರಡು ವರ್ಷದ ಅಂಕಿಅಂಶ ಸಿಗದೇ ಹೋಯಿತು.