ಕುವೈತಿನ ಬೇಸಿಗೆ ಕೂಟ: ಹೂಜಿಯಲ್ಲಿ ಇರಬೇಕಾದದ್ದು, ಇರಬಾರದ್ದು

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಬೇಸಿಗೆಯಲ್ಲಿ ಮನೆಯ ಹಿತ್ತಿಲಲ್ಲಿ ಕೂಟ ಸೇರಿದಾಗ ಮೇಜಿನ ಮೇಲೆ ಬಿಯರ್ ಮಾರ್ಗರಿಟಾದ ಹೂಜಿ ಕಾಣಿಸಿಕೊಳ್ಳುವುದುಂಟು. ನಿಂಬೆರಸ, ಸಕ್ಕರೆ, ಟಕೀಲಾ ಎಂಬ ಮೆಕ್ಸಿಕೊ ದೇಶದ ಮದ್ಯ, ಕೊನೆಯಲ್ಲಿ ತಣ್ಣನೆಯ ಬಿಯರ್, ಲೋಟದ ಅಂಚಿಗೆ ಒಂದಿಷ್ಟು ಉಪ್ಪು. ಅದರ ಪಾಕ ಇಷ್ಟೇ. ಅಲ್ಲಿ ಅದನ್ನು ಕಂಡು ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಅದೇ ಮನೆತನದ ಇನ್ನೊಬ್ಬ ಹುಡುಗ ಕುವೈತಿನಲ್ಲಿ ದುಡಿಯುತ್ತಿದ್ದರೆ ಅವನ ಪಾಲಿಗೆ ಆ ಹೂಜಿ ಕಾನೂನು ನಿಷೇಧಿಸಿದ ವಸ್ತು. ಊರಿನಲ್ಲಿರುವ ಬಂಧುಗಳು ‘ಗಲ್ಫ್’ ಎಂಬ ಒಂದೇ ಮಾತಿನಲ್ಲಿ ದುಬೈ, ಬಹರೈನ್, ಕುವೈತ್ ಎಲ್ಲವನ್ನೂ ಒಂದುಗೂಡಿಸಿಬಿಡುತ್ತಾರೆ. ಈ ಒಂದು ವಿಷಯದಲ್ಲಿ ಹಾಗೆ ಒಂದುಗೂಡಿಸುವುದು ಅಪಾಯಕರ.

ದುಬೈ ಮತ್ತು ಬಹರೈನಿನ ಹಲವು ಹೋಟೆಲುಗಳಿಗೆ ಮದ್ಯ ಮಾರಲು ಪರವಾನಗಿ ಇದೆ. ಕುವೈತಿನಲ್ಲಿ ಅಂಥ ಒಂದು ಸ್ಥಳವೂ ಇಲ್ಲ. ಆ ದೇಶ 1964ರಲ್ಲಿ ಮದ್ಯದ ಆಮದನ್ನು ನಿಷೇಧಿಸಿತು. 1980ರ ದಶಕದಲ್ಲಿ ಮದ್ಯಪಾನವನ್ನೂ ಅಪರಾಧವೆಂದು ಸಾರಿತು. ತಾರಾ ಹೋಟೆಲಿನಲ್ಲಾಗಲಿ, ಕುವೈತ್ ಏರ್‌ವೇಸ್ ವಿಮಾನದಲ್ಲಾಗಲಿ ಮದ್ಯ ದೊರೆಯದು. ದಾರಿಯಲ್ಲಿ ವಿಮಾನ ಬದಲಿಸುವಾಗ ಸುಂಕರಹಿತ ಮಳಿಗೆಯಲ್ಲಿ ಕೊಂಡ ಬಾಟಲಿಯೂ ಕುವೈತಿನಲ್ಲಿ ಇಳಿದೊಡನೆ ನಿಷಿದ್ಧ ವಸ್ತುವೇ. ಮದ್ಯ ತಯಾರಿಸಿದರೆ, ಮಾರಿದರೆ ಸೆರೆವಾಸ. ವಿದೇಶಿಯರಿಗೆ ಅದರ ಜೊತೆಗೆ ಗಡೀಪಾರು. ಗಡೀಪಾರಾದವರ ಬೆರಳಚ್ಚು ದಾಖಲಾಗಿರುವುದರಿಂದ ಮತ್ತೊಂದು ಪಾಸ್‌ಪೋರ್ಟ್ ಮಾಡಿಸಿಕೊಂಡು ಮರಳುವ ದಾರಿಯೂ ಮುಚ್ಚಿಹೋಗುತ್ತದೆ. ಸಾಲ ಮಾಡಿ ವೀಸಾ ಪಡೆದು ಹೋದ ಕುಟುಂಬಕ್ಕೆ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಹೀಗಿದ್ದರೂ ಬೇಸಿಗೆಯಲ್ಲಿ ಕೂಟಗಳು ನಡೆಯುತ್ತವೆ, ನಡೆಯಬೇಕು ಕೂಡ. ಕುವೈತಿನ ಬೇಸಿಗೆ ಎಂದರೆ ಸಾಮಾನ್ಯವಲ್ಲ. ಅಲ್ಲಿನ ಮಿತ್ರಿಬಾ ಎಂಬಲ್ಲಿ 2016ರ ಜುಲೈ 21ರಂದು ದಾಖಲಾದ 53.9 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ವಿಶ್ವ ಹವಾಮಾನ ಸಂಸ್ಥೆ ಪರಿಶೀಲಿಸಿ ಒಪ್ಪಿಕೊಂಡಿದೆ. ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಗಿನ 11ರಿಂದ ಸಂಜೆ 4ರ ತನಕ ಬಯಲಿನಲ್ಲಿ ಕೆಲಸ ಮಾಡಿಸಕೂಡದೆಂಬ ನಿಯಮವಿದೆ. ಶಾಲೆಗಳಿಗೆ ರಜೆ ಬಂದೊಡನೆ ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿದವರು, ದುಬಾರಿ ವಿಮಾನದರದಿಂದಾಗಿ ತಾವು ಉಳಿದುಕೊಂಡವರು, ಮೊದಲಿನಿಂದಲೂ ಒಂಟಿಯಾಗಿಯೇ ಇರುವ ಕಾರ್ಮಿಕರು ಅಬ್ಬಾಸಿಯಾ, ಮಂಗಾಫ್, ಫಹಾಹೀಲ್, ಸಾಲ್ಮಿಯಾಗಳ ಕೊಠಡಿಗಳಲ್ಲಿ ವಾರದ ರಜೆಯಾದ ಶುಕ್ರವಾರ ಒಟ್ಟಿಗೆ ಉಣ್ಣುತ್ತಾರೆ. ಮನೆಯವರ ನೆನಪು ಹೆಚ್ಚು ಕಾಡುವುದೂ ಈ ತಿಂಗಳುಗಳಲ್ಲಿಯೇ. ಕಳ್ಳಭಟ್ಟಿಯ ಬಾಟಲಿ ಕೊಠಡಿಯೊಳಗೆ ಬರುವ ಸಂಭವವೂ ಇಂಥ ಹೊತ್ತಿನಲ್ಲಿಯೇ ಹೆಚ್ಚು.

2025ರ ಆಗಸ್ಟ್ ತಿಂಗಳಲ್ಲಿ ನಡೆದದ್ದನ್ನು ವಿದೇಶಕ್ಕೆ ಹೊರಟ ಪ್ರತಿಯೊಬ್ಬ ಯುವಕನೂ ತಿಳಿದಿರಬೇಕು. ಮೆಥನಾಲ್ ಬೆರೆತ ಕಳ್ಳಮದ್ಯ ಕುಡಿದು ಕುವೈತಿನಲ್ಲಿ ಕೆಲವೇ ದಿನಗಳಲ್ಲಿ 23 ಮಂದಿ ಸತ್ತರು. 160 ಮಂದಿ ವಿಷಪ್ರಾಶನಕ್ಕೆ ಒಳಗಾದರೆಂದು ಅಲ್ಲಿನ ಆರೋಗ್ಯ ಸಚಿವಾಲಯ ಪ್ರಕಟಿಸಿತು. ಅವರೆಲ್ಲ ಏಷ್ಯಾದ ದೇಶಗಳವರು. ಹಲವರು ದೃಷ್ಟಿ ಕಳೆದುಕೊಂಡರು, ಹಲವರಿಗೆ ಡಯಾಲಿಸಿಸ್ ಬೇಕಾಯಿತು. ಸುಮಾರು 40 ಮಂದಿ ಭಾರತೀಯರು ಆಸ್ಪತ್ರೆಗೆ ದಾಖಲಾಗಿದ್ದಾರೆಂದೂ ಕೆಲವರು ಮೃತಪಟ್ಟಿದ್ದಾರೆಂದೂ ಭಾರತದ ರಾಯಭಾರ ಕಚೇರಿ ತಿಳಿಸಿತು. ಪೊಲೀಸರು 67 ಮಂದಿಯನ್ನು ಬಂಧಿಸಿದರು.

ಕನ್ನಡ ನಾಡಿಗೆ ಈ ವಿಷ ಹೊಸತಲ್ಲ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಗೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಹಾಗೂ ಗಡಿಯಾಚೆಯ ತಮಿಳುನಾಡಿನ ಹಳ್ಳಿಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಅದೇ ರೀತಿ ಸತ್ತರು. ಬಣ್ಣ, ತಿನ್ನರುಗಳ ಕೈಗಾರಿಕೆಯಲ್ಲಿ ಬಳಕೆಯಾಗುವ ಮೆಥನಾಲ್ ಅಗ್ಗವಾದ್ದರಿಂದ ದುರಾಸೆಯವರು ಅದನ್ನು ಬೆರೆಸುತ್ತಾರೆ. ಬಣ್ಣದಿಂದಾಗಲಿ, ವಾಸನೆಯಿಂದಾಗಲಿ, ರುಚಿಯಿಂದಾಗಲಿ ಅದನ್ನು ಗುರುತಿಸಲಾಗದು. ಬೆಂಕಿ ಹಚ್ಚಿ ಜ್ವಾಲೆಯ ಬಣ್ಣ ನೋಡುವ ಪರೀಕ್ಷೆಯೂ ನಂಬತಕ್ಕದ್ದಲ್ಲ. ದೇಹದೊಳಗೆ ಅದು ಮೊದಲು ಫಾರ್ಮಾಲ್ಡಿಹೈಡ್ ಆಗಿ, ಬಳಿಕ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಸುಡುತ್ತದೆ. ಎರಡು ಟೀ ಚಮಚದಷ್ಟು ಶುದ್ಧ ಮೆಥನಾಲ್ ದೃಷ್ಟಿಯನ್ನು ಕಸಿದುಕೊಳ್ಳಲು ಸಾಕು.

ಇದರ ಮೋಸ ಇರುವುದು ತಡವಾಗಿ ತೋರುವುದರಲ್ಲಿ. ಕುಡಿದ ರಾತ್ರಿ ಸಾಮಾನ್ಯ ಅಮಲಿನಂತೆಯೇ ಕಾಣುತ್ತದೆ. ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳ ಬಳಿಕ ತಲೆನೋವು, ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣಮುಂದೆ ಮಂಜು ಕವಿದಂತಹ ಅನುಭವ ಆರಂಭವಾಗುತ್ತವೆ. ಆಗ ಒಂದು ಗಂಟೆಯೂ ಅಮೂಲ್ಯ. ಆಸ್ಪತ್ರೆಯಲ್ಲಿ ಫೋಮೆಪಿಜೋಲ್‌ನಂಥ ಪ್ರತ್ಯೌಷಧವೂ ಡಯಾಲಿಸಿಸ್ ಕೂಡ ಇವೆ. ಮನೆಮದ್ದು ಇಲ್ಲ, ಇನ್ನಷ್ಟು ಕುಡಿಯುವುದಂತೂ ಮದ್ದಲ್ಲ. ಕಾನೂನಿನ ಭಯದಿಂದ ಕೊಠಡಿಯಲ್ಲಿಯೇ ಮುಸುಕೆಳೆದು ಮಲಗುವವರು ಬದುಕುವ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ. ಊರಿನಿಂದ ಫೋನಿನಲ್ಲಿ ಮಾತನಾಡುವ ತಾಯಿಗೋ ಅಣ್ಣನಿಗೋ ‘ಕಣ್ಣು ಮಂಜಾಗಿದೆ’ ಎಂಬ ಮಾತು ಕೇಳಿಸಿದರೆ, ಬೈಯುವುದನ್ನು ಆಮೇಲಿಗೆ ಬಿಟ್ಟು ‘112ಕ್ಕೆ ಕರೆ ಮಾಡು, ಈಗಲೇ ಆಸ್ಪತ್ರೆಗೆ ಹೋಗು, ಕುಡಿದದ್ದನ್ನು ವೈದ್ಯರಿಂದ ಮುಚ್ಚಿಡಬೇಡ’ ಎನ್ನಬೇಕು. ಕೆಲಸ ಹೋದರೆ ಇನ್ನೊಂದನ್ನು ಹುಡುಕಬಹುದು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ‘ಮಗನಿಗೆ ಕುಡಿತದ ಚಟವಿದೆ, ಕುವೈತಿಗೆ ಕಳುಹಿಸಿದರೆ ತಾನಾಗಿ ಬಿಡುತ್ತಾನೆ’ ಎಂದು ನಂಬುವ ಹಿರಿಯರಿದ್ದಾರೆ. ನಿಷೇಧ ಚಿಕಿತ್ಸೆಯಲ್ಲ. ನಿತ್ಯ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ನಿದ್ರಾಹೀನತೆ, ಕೆಲವೊಮ್ಮೆ ಅಪಸ್ಮಾರ, ಭ್ರಾಂತಿಗಳು ಉಂಟಾಗುವುದು ವೈದ್ಯಲೋಕಕ್ಕೆ ತಿಳಿದ ವಿಷಯ. ಹೊಸ ದೇಶದಲ್ಲಿ, ಹೊಸ ಕೆಲಸದಲ್ಲಿ, ಉರಿಬಿಸಿಲಿನಲ್ಲಿ ಅದನ್ನು ಒಬ್ಬನೇ ಎದುರಿಸಲಾರದವನು ಕಳ್ಳಭಟ್ಟಿಯ ಬಾಗಿಲು ತಟ್ಟುತ್ತಾನೆ. ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ನಮ್ಮಲ್ಲಿಯೇ ವ್ಯಸನಮುಕ್ತಿ ಚಿಕಿತ್ಸೆ ಲಭ್ಯವಿದೆ. ವಿಮಾನದ ಟಿಕೆಟಿಗಿಂತ ಮೊದಲು ಆ ಕೆಲಸ ಮುಗಿಯಲಿ.

ಹಾಗಾದರೆ ಕೂಟದ ಹೂಜಿಯಲ್ಲಿ ಏನಿರಬೇಕು? ಕುವೈತಿನ ‘ಜಮಿಯಾ’ ಎನ್ನುವ ಸಹಕಾರಿ ಅಂಗಡಿಗಳಲ್ಲಿಯೂ ಬೀದಿಯ ‘ಬಖಾಲಾ’ಗಳಲ್ಲಿಯೂ ಬಾರ್ಲಿಯಿಂದ ತಯಾರಿಸಿದ, ಮದ್ಯಸಾರವಿಲ್ಲದ ಮಾಲ್ಟ್ ಪಾನೀಯಗಳು ಸಾಲುಸಾಲಾಗಿ ದೊರೆಯುತ್ತವೆ. ಬಿಯರಿನ ಕಹಿಯನ್ನೂ ನೊರೆಯನ್ನೂ ಬಯಸುವವರಿಗೆ ಇವೇ ಆಧಾರ. ಆದರೆ ಅಲ್ಲಿಯ ಅಂಗಡಿಯಲ್ಲಿ ಕೊಂಡದ್ದನ್ನೇ ಬಳಸಬೇಕು. ಯುರೋಪಿನಲ್ಲಿ ‘ಆಲ್ಕೊಹಾಲ್ ರಹಿತ’ ಎಂದು ಮಾರುವ ಬಿಯರಿನಲ್ಲಿ ಶೇಕಡಾ 0.5ರವರೆಗೆ ಮದ್ಯಸಾರ ಇರಬಹುದು; ಅಂಥದ್ದನ್ನು ಪೆಟ್ಟಿಗೆಯಲ್ಲಿ ತರಬಾರದು.

ಎಂಟು ಹತ್ತು ಜನರಿಗೆ ಸಾಕಾಗುವ ಮಾರ್ಗರಿಟಾದ ಸೋದರಪಾನೀಯ ಹೀಗೆ: ಒಂದು ಲೋಟ ಸಕ್ಕರೆಯನ್ನು ಒಂದು ಲೋಟ ನೀರಿನಲ್ಲಿ ಕುದಿಸಿ ಆರಿಸಿ. ಹೂಜಿಗೆ ಆರೇಳು ನಿಂಬೆಹಣ್ಣಿನ ರಸ, ಅರ್ಧ ಲೋಟ ಕಿತ್ತಳೆ ರಸ, ಎರಡು ಲೋಟ ತಣ್ಣೀರು, ಅರ್ಧ ಚಮಚ ಉಪ್ಪು ಹಾಕಿ, ಸಕ್ಕರೆಪಾಕವನ್ನು ರುಚಿ ನೋಡುತ್ತ ಬೆರೆಸಿ. ಅರಬ್ಬಿಯಲ್ಲಿ ‘ನಾನಾ’ ಎನ್ನುವ ಪುದೀನಾ ಎಲೆಗಳನ್ನು ಅಂಗೈಯಲ್ಲಿ ಉಜ್ಜಿ ಸೇರಿಸಿ. ಎರಡು ಗಂಟೆ ಶೀತಪೆಟ್ಟಿಗೆಯಲ್ಲಿಡಿ. ಅತಿಥಿಗಳು ಕುಳಿತ ಮೇಲೆ 330 ಮಿಲಿಲೀಟರಿನ ನಾಲ್ಕು ಕ್ಯಾನ್ ತಣ್ಣನೆಯ ಮಾಲ್ಟ್ ಪಾನೀಯವನ್ನು ಹೂಜಿಯ ಬದಿಯಿಂದ ನಿಧಾನವಾಗಿ ಸುರಿಯಿರಿ. ಮೊದಲೇ ಸುರಿದರೆ ನೊರೆ ಇಂಗಿಹೋಗುತ್ತದೆ. ಲೋಟದ ಅಂಚಿಗೆ ನಿಂಬೆಹೋಳು ಸವರಿ ಉಪ್ಪಿಗೆ ಒತ್ತಿದರೆ ಮೂಲದ ಸೊಗಸೂ ಬಂತು. ಮದ್ಯ ದೇಹದ ನೀರನ್ನು ಹೊರಹಾಕುತ್ತದೆ. ಈ ಪಾನೀಯವಾದರೋ ಬೆವರಿನಲ್ಲಿ ಹೋದ ನೀರು, ಉಪ್ಪುಗಳನ್ನು ಮರಳಿ ಕೊಡುತ್ತದೆ. ರಕ್ತದೊತ್ತಡ ಇರುವವರು ಮಾತ್ರ ಉಪ್ಪನ್ನು ಬಿಡಲಿ.

ಮಾಲ್ಟಿನ ರುಚಿ ಒಗ್ಗದವರಿಗೆ ಬೇರೆ ದಾರಿಗಳಿವೆ. ಕುವೈತಿಗಳು ಅಡುಗೆಗೂ ಚಹಾಕ್ಕೂ ಬಳಸುವ ‘ಲೂಮಿ’ ಎಂಬ ಒಣನಿಂಬೆಯನ್ನು ಒಡೆದು, ಕಹಿಬೀಜ ತೆಗೆದು, ಹತ್ತು ನಿಮಿಷ ಕುದಿಸಿ ಸಕ್ಕರೆ ಬೆರೆಸಿ ತಣಿಸಿದರೆ ಗಾಢವಾದ ಪಾನಕ. ರಂಜಾನಿನಲ್ಲಿ ಗಲ್ಫ್ ದೇಶಗಳ ಮನೆಮನೆಯಲ್ಲಿರುವ ವಿಮ್ಟೋ ಕೂಡ 1908ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಪಾನನಿರೋಧ ಚಳವಳಿ ಬಲವಾಗಿದ್ದ ಕಾಲದಲ್ಲಿ ಹುಟ್ಟಿದ ಪಾನೀಯ. ಇನ್ನು ನಮ್ಮ ಬೆಲ್ಲ, ಶುಂಠಿ, ಏಲಕ್ಕಿಯ ಪಾನಕವಿದೆ, ಒಗ್ಗರಣೆಯ ಮಜ್ಜಿಗೆಯಿದೆ. ಕುವೈತಿನ ಕನ್ನಡಿಗರಲ್ಲಿ ಕರಾವಳಿಯವರು ಬಹಳ. ರಜೆ ಮುಗಿಸಿ ಬರುವವರ ಪೆಟ್ಟಿಗೆಯಲ್ಲಿ ಒಣಗಿದ ಪುನರ್ಪುಳಿ ಸಿಪ್ಪೆಗೆ ಸ್ವಲ್ಪ ಜಾಗವಿದ್ದರೆ ಇಡೀ ಬೇಸಿಗೆಗೆ ಶರಬತ್ತು ಸಿದ್ಧ. ಗಸಗಸೆಯನ್ನು ಮಾತ್ರ ಕಟ್ಟಿಕೊಡಬೇಡಿ. ಗಲ್ಫಿನ ಹಲವು ದೇಶಗಳಲ್ಲಿ ಅದು ಮಾದಕವಸ್ತುಗಳ ಪಟ್ಟಿಯಲ್ಲಿದೆ.

ಇಂಥ ಹೂಜಿಗೆ ಒಂದು ಅನುಕೂಲವೂ ಉಂಟು. ಕೂಟಕ್ಕೆ ಬಂದ ಬ್ಯಾರಿ ಗೆಳೆಯ, ಮಂಗಳೂರಿನ ಕ್ರೈಸ್ತ ದಂಪತಿ, ಪಕ್ಕದ ಕೊಠಡಿಯ ಈಜಿಪ್ಟಿನವ, ಮಕ್ಕಳು, ರಾತ್ರಿ ಕಾರು ನಡೆಸಬೇಕಾದವರು ಎಲ್ಲರೂ ಒಂದೇ ಹೂಜಿಯಿಂದ ಬಡಿಸಿಕೊಳ್ಳಬಹುದು. ಮರುದಿನ ಬೆಳಿಗ್ಗೆ ಊರಿಗೆ ವೀಡಿಯೊ ಕರೆ ಮಾಡಿ ಕೂಟದ ಸುದ್ದಿಯನ್ನು ಮುಚ್ಚುಮರೆಯಿಲ್ಲದೆ ಹೇಳಬಹುದು.