ಹೆರಿಗೆ ಕೋಣೆಗೆ ಬಂದ ಇಂಜಿನಿಯರ್

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ರೂಢಿ ಬೆಳಗಾವಿ ಜಿಲ್ಲೆಯ ಬೇಡಕಿಹಾಳದ ಕಡೆ ಇನ್ನೂ ಗಟ್ಟಿಯಾಗಿದೆ. ಗಂಡನ ಮನೆ ಗಡಿಯಾಚೆ ಮಹಾರಾಷ್ಟ್ರದಲ್ಲಿ ಇದ್ದರೂ ಕುಬಸ ಮುಗಿಸಿಕೊಂಡು ಮಗಳು ಊರಿಗೆ ಬರುತ್ತಾಳೆ. ಬೇನೆ ಬಿಗಡಾಯಿಸಿದರೆ ನಿಪ್ಪಾಣಿಯೋ, ಚಿಕ್ಕೋಡಿಯೋ, ಕೊಲ್ಹಾಪುರವೋ, ಮೀರಜವೋ ಎಂದು ಮನೆಯವರು ಚರ್ಚಿಸುತ್ತಾರೆ. ನಿಜಕ್ಕೂ ಜೀವ ಉಳಿಸುವುದು ಎಲ್ಲಿಗೆ ಹೋದರು ಎಂಬುದಕ್ಕಿಂತ ಯಾವಾಗ ಹೊರಟರು ಎಂಬುದು. ಆ ಹೊತ್ತನ್ನು ಗುರುತಿಸಬೇಕಾದವರು ಪಾಳಿಯಲ್ಲಿರುವ ನರ್ಸ್. ಅವರ ಕೈಗೆ ನಾವು ಎಂಥ ಸಾಧನ ಕೊಟ್ಟಿದ್ದೇವೆ?

ಈ ಪ್ರಶ್ನೆಯನ್ನೇ ವೃತ್ತಿ ಮಾಡಿಕೊಂಡವರು ಇಂಜಿನಿಯರಿಂಗ್ ಪದವೀಧರ ಅರುಣ್ ಅಗರ್ವಾಲ್. 2016ರಲ್ಲಿ ಅವರು ಬೆಂಗಳೂರಿನಲ್ಲಿ ಕಟ್ಟಿದ ಸಂಸ್ಥೆ ಜನಿತ್ರಿ. ಅದರ ಒಂದು ಸಾಧನ 'ದಕ್ಷ್'. ಹೆರಿಗೆ ಎಷ್ಟು ಮುಂದುವರಿದಿದೆ ಎಂದು ಗುರುತಿಸಲು ಪಾರ್ಟೋಗ್ರಾಫ್ ಎಂಬ ಒಂದು ಹಾಳೆಯಿದೆ. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ, ನಾಲ್ಕು ಗಂಟೆಗೊಮ್ಮೆ ಗರ್ಭಕೊರಳು ಎಷ್ಟು ತೆರೆದಿದೆ ಎಂಬುದನ್ನು ಅದರಲ್ಲಿ ಬರೆಯಬೇಕು. ಒಬ್ಬರೇ ನರ್ಸ್ ಇರುವ ಕಡೆ ಆ ಹಾಳೆ ಎಷ್ಟೋ ಸಲ ತುಂಬುವುದು ಮಗು ಹುಟ್ಟಿದ ಮೇಲೆ. ಆಗ ಅದು ದಾಖಲೆಯಾದೀತು, ಎಚ್ಚರಿಕೆಯಾಗದು. ದಕ್ಷ್ ಈ ಕೆಲಸವನ್ನು ಟ್ಯಾಬ್ಲೆಟ್‌ಗೆ ತಂದಿತು: ತಪಾಸಣೆಯ ಹೊತ್ತಾದಾಗ ನೆನಪಿಸುತ್ತದೆ, ಅಳತೆ ಹದ ತಪ್ಪಿದರೆ ಎಚ್ಚರಿಸುತ್ತದೆ.

ಇನ್ನೊಂದು ಸಾಧನ 'ಕೇಯಾರ್'. ದೊಡ್ಡ ಆಸ್ಪತ್ರೆಗಳಲ್ಲಿ ಹೊಟ್ಟೆಗೆ ಪಟ್ಟಿ ಬಿಗಿದು ಮಗುವಿನ ಎದೆಬಡಿತ ನೋಡುವ ಯಂತ್ರವಿರುತ್ತದೆ. ಕೇಯಾರ್ ಅದರ ಬದಲು ಹೊಟ್ಟೆಯ ಮೇಲೆ ಅಂಟಿಸುವ ಪುಟ್ಟ ಪ್ಯಾಚ್. ತಾಯಿಯ ಹೃದಯದ ಬಲವಾದ ವಿದ್ಯುತ್ ಸಂಕೇತದೊಳಗೆ ಮಗುವಿನ ಹೃದಯದ ಕ್ಷೀಣ ಸಂಕೇತ ಹುದುಗಿರುತ್ತದೆ. ಅದನ್ನು ಬೇರ್ಪಡಿಸುವುದರಲ್ಲಿದೆ ಇಂಜಿನಿಯರನ ನಿಜವಾದ ದುಡಿಮೆ. ಹಾಸಿಗೆಗೆ ಕಟ್ಟಿಹಾಕದ ಸಾಧನವಾದ್ದರಿಂದ ಬೇನೆ ತಿನ್ನುವವಳು ಮಗ್ಗಲು ಬದಲಿಸಬಹುದು, ನಡೆದಾಡಬಹುದು. ನನಗೆ ಇದು ಸಣ್ಣ ಸೌಕರ್ಯವೆನಿಸುವುದಿಲ್ಲ.

ಆದರೆ ಇಂಥ ಕೆಲಸ ಬೆಂಗಳೂರಿನಲ್ಲೇ ಆಗಬೇಕೆಂದೇನೂ ಇಲ್ಲ. ನಮ್ಮದೇ ಜಿಲ್ಲೆಯಲ್ಲಿ ರೂಪುಗೊಂಡ ಒಂದು ಪ್ಲಾಸ್ಟಿಕ್ ಹಾಳೆಯ ಕಥೆ ನಮ್ಮಲ್ಲೇ ಹೆಚ್ಚು ಜನರಿಗೆ ತಿಳಿಯದಿರುವುದು ಬೇಸರದ ಸಂಗತಿ. ಹೆರಿಗೆಯ ನಂತರ 500 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅಪಾಯ. ಅಷ್ಟು ಹೋಯಿತೆಂದು ತಿಳಿಯುವುದು ಹೇಗೆ? ನೆಲ, ಬಟ್ಟೆ, ಹತ್ತಿ ನೋಡಿ ಕಣ್ಣಂದಾಜು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಬಿ.ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮತ್ತು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರ ತಂಡ ಬಾಣಂತಿಯ ಕೆಳಗೆ ಹಾಸುವ, ತುದಿಯಲ್ಲಿ ಆಲಿಕೆಯಂತೆ ಚೀಲವಿದ್ದು ಅಳತೆಗೆರೆಗಳಿರುವ ಹಾಳೆಯನ್ನು ಬಳಕೆಗೆ ತಂದಿತು. ಅದರ ಪಕ್ಕಕ್ಕಿಟ್ಟು ನೋಡಿದಾಗ ಕಣ್ಣಂದಾಜು ಮೂರನೇ ಒಂದು ಭಾಗದಷ್ಟು ಕಡಿಮೆ ಹೇಳುತ್ತಿತ್ತು!

ಇದೇ ಹಾಳೆಯ ಅಳತೆಯನ್ನು ನೆಚ್ಚಿ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳ ಅಧ್ಯಯನ ನಡೆಯಿತು. ಹೆರಿಗೆ ಮಾಡಿಸಿದವರು ಎಎನ್‌ಎಂ ಸಹೋದರಿಯರು, ಆಗಿದ್ದು ಮನೆಗಳಲ್ಲಿ, ಉಪಕೇಂದ್ರಗಳಲ್ಲಿ. ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ಅತಿ ರಕ್ತಸ್ರಾವ ಶೇ 6.4, ನುಂಗದವರಲ್ಲಿ ಶೇ 12. ಮುಂದೆ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಇಂಥದೇ ಅಳತೆಯ ಹಾಳೆಯ ಜೊತೆಗೆ ತಕ್ಷಣದ ಚಿಕಿತ್ಸೆಗಳನ್ನು ಒಟ್ಟಿಗೆ ಕೊಟ್ಟಾಗ ತೀವ್ರ ರಕ್ತಸ್ರಾವ, ಶಸ್ತ್ರಚಿಕಿತ್ಸೆ, ಸಾವು ಸೇರಿದ ಅನಾಹುತಗಳು ಶೇ 60ರಷ್ಟು ತಗ್ಗಿದವು. ಆ ಫಲಿತಾಂಶ ಹೊರಬಿದ್ದದ್ದು 2023ರಲ್ಲಿ.

ಸಾಧನವೊಂದೇ ಸಾಲದು ಎಂಬುದಕ್ಕೂ ಜಿಲ್ಲೆಯಲ್ಲೇ ನಿದರ್ಶನವಿದೆ. ರಕ್ತದೊತ್ತಡ ಅಳೆದು ಹಸಿರು, ಹಳದಿ, ಕೆಂಪು ದೀಪ ತೋರಿಸುವ ಕ್ರೇಡಲ್ ಯಂತ್ರವನ್ನು ಹಲವು ದೇಶಗಳಲ್ಲಿ ಪರೀಕ್ಷಿಸಿದಾಗ ಭಾರತದ ಕ್ಷೇತ್ರವಾಗಿ ಆಯ್ಕೆಯಾದದ್ದು ಗೋಕಾಕ. ಯಂತ್ರದಿಂದಲೇ ಅನಾಹುತ ತಗ್ಗಿತೆಂದು ಒಟ್ಟು ಲೆಕ್ಕದಲ್ಲಿ ಖಚಿತವಾಗಿ ಹೇಳಲಾಗಲಿಲ್ಲ. ಕೆಂಪು ದೀಪ ಹೊತ್ತಿದ ಮೇಲೆ ಗಾಡಿ ಸಿಗಬೇಕು, ರಕ್ತ ಸಿಗಬೇಕು, ವೈದ್ಯರು ಸಿಗಬೇಕು.

ಚಿಕ್ಕೋಡಿಯಲ್ಲಿ ಕೆಎಲ್ಇ ಇಂಜಿನಿಯರಿಂಗ್ ಕಾಲೇಜಿದೆ, ನಿಪ್ಪಾಣಿಯಲ್ಲಿ ವಿಎಸ್‌ಎಂ ಇದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವ ಹುಡುಗ ಹುಡುಗಿಯರು ಒಂದು ರಾತ್ರಿ ಪಾಳಿ ತಮ್ಮೂರ ನರ್ಸ್ ಜೊತೆ ಕುಳಿತು ಅವರ ತೊಡಕುಗಳನ್ನು ಕೇಳಲಿ. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಏಪ್ರಿಲ್ ಮಧ್ಯಾಹ್ನ ಕರೆಂಟು ಹೋದಾಗ ಫ್ರಿಜ್ಜಿನೊಳಗೆ ತಾಪ ಎಷ್ಟಕ್ಕೇರಿತ್ತೆಂದು ಹೇಳುವವರು ಯಾರು? ಮಹಾರಾಷ್ಟ್ರದಲ್ಲಿ ಏಳು ತಿಂಗಳು ತಪಾಸಣೆ ಮಾಡಿಸಿಕೊಂಡು ತವರಿಗೆ ಬಂದವಳ ಬಿಪಿ, ರಕ್ತದ ವಿವರಗಳು ಮರಾಠಿ ಕಾರ್ಡಿನಿಂದ ಇಲ್ಲಿಯ ತಾಯಿ ಕಾರ್ಡಿಗೆ ತಪ್ಪಿಲ್ಲದೆ ದಾಟುವುದು ಹೇಗೆ? ಈ ಎರಡನ್ನೂ ಬಗೆಹರಿಸುವ ವಿದ್ಯೆ ಆ ತರಗತಿಗಳಲ್ಲಿ ಈಗಾಗಲೇ ಇದೆ.