ಮಾತಾಡುವ ಯಂತ್ರದ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬುದು ದೇಗುಲಗಳಿಗೆ ಮಾತ್ರವಲ್ಲ. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ಪಂಡಿತರು ರಚಿಸಿ 1966ರಲ್ಲಿ ಪ್ರಕಟಪಡಿಸಿದ ‘ಎಲೈಜಾ’ ಎಂಬ ಗಣಕ ಕ್ರಮವಿಧಿಯು, ನಾವಾಡಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿದ್ದಿತು. ಅರ್ಥಜ್ಞಾನವು ಅದಕ್ಕೆ ಲೇಶವೂ ಇರಲಿಲ್ಲ. ಆದರೂ ಜನರು ಅದರ ಮುಂದೆ ಮನಬಿಚ್ಚಿದರು.

ನಷ್ಟವಾಯಿತೆಂದಿದ್ದ ಅದರ ಮೂಲಪಾಠವು 2021ರಲ್ಲಿ ಆ ಸಂಸ್ಥೆಯ ದಾಖಲೆಗಳ ನಡುವೆ ದೊರೆಯಿತು. ಕರ್ತೃವಿನ ವಾರಸುದಾರರ ಸಮ್ಮತಿಯಿಂದ ಅದನ್ನು ಸರ್ವರಿಗೂ ತೆರೆದಿಟ್ಟರು. ಲುಪ್ತಭಾಗಗಳನ್ನು ಪೂರಿಸಿ, ಹಳೆಯ ಐಬಿಎಂ 7094 ಯಂತ್ರವನ್ನು ಅನುಕರಿಸುವ ಗಣಕದಲ್ಲಿ 2024ರ ಡಿಸೆಂಬರಿನಲ್ಲಿ ಅದನ್ನು ಪುನಃ ನುಡಿಸಿದರು. ಮೂಲದ ದೋಷವೊಂದನ್ನು ಅರಿತೂ ತಿದ್ದದೆ ಉಳಿಸಿದರು.

ಓಲೆಗರಿಯ ಸಂಪಾದಕನ ಧರ್ಮವೂ ಇದೇ: ಲುಪ್ತವನ್ನು ಪೂರಿಸಬಹುದು, ಕರ್ತೃವನ್ನು ತಿದ್ದಲಾಗದು. ವಾಚಕರೇ, ನಿಮ್ಮ ಅಟ್ಟದ ಮೇಲೂ ಹಳೆಯ ಕಟ್ಟೊಂದಿರಬಹುದು. ಹುಳು ಮುಟ್ಟುವ ಮೊದಲು ಅದನ್ನು ಬಿಚ್ಚಿ ನೋಡಿರಿ.